ಗಂಟಲಲ್ಲಿ ಸಿಕ್ಕಿಕೊಂಡ ಪೇಡಾ....

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಇದು ನನ್ನದೇ ಸಣ್ಣತನದ ಕಥೆ. ಅದನ್ನು ಊರಿಗೆಲ್ಲ ಸಾರಿಕೊಂಡು ಬರುವ ಲಾಭ ಏನು? ಆದರೆ ಇಲ್ಲಿಗೆ ಬಂದು ಓದುವವರಲ್ಲಿ ಹೆಚ್ಚಿನವರು ತಾವೂ ಬರೆಯುವವರೇ. ಗೆಳೆಯನ ಬರಹವನ್ನು ನಾಲ್ಕು ಜನ ಹೊಗಳಿದಾಗ ಎದೆಯ ಮೂಲೆಯಲ್ಲಿ ಎಲ್ಲೋ ಒಂದು ಸಣ್ಣ ಮುಳ್ಳು ಚುಚ್ಚುತ್ತದಲ್ಲ, ಅದು ನಿಮಗೂ ಗೊತ್ತಿದ್ದೀತು. ಹಾಗಾಗಿ ಧೈರ್ಯ ಮಾಡಿದ್ದೇನೆ.

ಮೊದಲು ಕಥೆ ಹೇಳಿಬಿಡುತ್ತೇನೆ, ಆಮೇಲೆ ವಿಚಾರ.

ನಾನು ಧಾರವಾಡದವನು. ಇತಿಹಾಸದಲ್ಲಿ ಎಂ.ಎ. ಮುಗಿಸಿ ಹಲವು ವರ್ಷ ಅತಿಥಿ ಉಪನ್ಯಾಸಕನಾಗಿ ದುಡಿದವನು. ಕಾಲೇಜಿನಲ್ಲಿ ಪಾಠ ಮಾಡೋಕೆ ಅರ್ಹತಾ ಪರೀಕ್ಷೆ ಅಂತ ಕೆ-ಸೆಟ್ ಇದೆಯಲ್ಲ, ಅದನ್ನು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಆಗಲಿಲ್ಲ. ಐದನೇ ಸಲ ಅರ್ಜಿಯನ್ನೇ ಹಾಕಲಿಲ್ಲ. ರಾತ್ರಿ ಕೂತು ಮಾಡಿಕೊಂಡಿದ್ದ ನೋಟ್ಸ್ ಮಾತ್ರ ಉಳಿದವು. ಮೂರು ದಪ್ಪ ಫೈಲು. ಅಟ್ಟದ ಮೇಲಿನ ಟ್ರಂಕಿನಲ್ಲಿ ಇಟ್ಟುಬಿಟ್ಟೆ.

ನಮ್ಮದು ಬಾಸೆಲ್ ಮಿಷನ್ ಕಾಲದ ಹಳೆಯ ಸಭೆ. ಅಲ್ಲಿ ಒಬ್ಬ ಹುಡುಗ. ಸಂಡೇ ಸ್ಕೂಲಿನಲ್ಲಿ ಅವನಿಗೆ ದಾವೀದ-ಗೊಲ್ಯಾತರ ಕಥೆ ಹೇಳಿಕೊಟ್ಟವನು ನಾನೇ. ನನ್ನನ್ನು ನೋಡಿಯೇ ಇತಿಹಾಸ ತಗೊಂಡೆ ಅಂತ ಎಲ್ಲರ ಮುಂದೆ ಹೇಳುತ್ತಿದ್ದ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ನನ್ನನ್ನು ಹಿಡಿದು ನಿಲ್ಲಿಸಿದ.

"ಅಣ್ಣಾ, ಈ ಸಲ ನಾನೂ ಸೆಟ್ ಬರೀತೇನ್ರಿ. ನಿಮ್ಮ ನೋಟ್ಸ್ ಅದಾವಲ್ರಿ, ಕೊಡ್ತೀರೇನು? ಜೆರಾಕ್ಸ್ ಮಾಡಿಸಿ ವಾಪಸ್ ಕೊಡ್ತೇನಿ."

ನನ್ನ ಬಾಯಿಂದ ಉತ್ತರ ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. "ಎಲ್ಲೀವು ತಮ್ಮಾ.... ಮನಿ ಬದಲಿ ಮಾಡುಮುಂದ ಎಲ್ಲಿ ಹೋದುವೋ ಏನೋ, ಸಿಗವಲ್ವು."

ಅಷ್ಟೇ. ಹತ್ತು ಸೆಕೆಂಡಿನ ಸುಳ್ಳು. ಅವನು ನಂಬಿದ. "ಇರ್ಲಿ ಬಿಡ್ರಿ ಅಣ್ಣಾ" ಅಂತ ಹೋದ. ನಾನು ಮನೆಗೆ ಬಂದು ಊಟ ಮಾಡಿದೆ, ಮಲಗಿದೆ. ಟ್ರಂಕು ತಲೆಯ ಮೇಲೇ ಇತ್ತು.

ಆ ಸಲ ಅವನಿಗೆ ಆಗಲಿಲ್ಲ. ಮುಂದಿನ ಸಲ ಆಯಿತು. ಸಂಜೆ ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಡಾ ಕಟ್ಟಿಸಿಕೊಂಡು ಮೊದಲು ನಮ್ಮ ಮನೆಗೇ ಬಂದ. ಕಾಲಿಗೆ ಬೀಳಲು ಬಗ್ಗಿದ, ನಾನು ತಡೆದೆ. ಒಂದು ಪೇಡಾ ತೆಗೆದು ತಾನೇ ನನ್ನ ಬಾಯಿಗಿಟ್ಟ. ಧಾರವಾಡದವನಾಗಿ ಹುಟ್ಟಿ ಪೇಡಾ ನುಂಗೋಕೆ ಕಷ್ಟಪಟ್ಟಿದ್ದು ಅವತ್ತೊಂದೇ ದಿನ. ಗಂಟಲಲ್ಲೇ ನಿಂತಿತು. ನೀರು ಕುಡಿದು ಇಳಿಸಿಕೊಂಡು "ಭಾಳ ಸಂತೋಷ ಆತಪಾ" ಅಂದೆ.

ಮುಂದಿನ ಭಾನುವಾರ ಇನ್ನೂ ಒಂದು ಕಾದಿತ್ತು. ಆರಾಧನೆಯಲ್ಲಿ ಪ್ರಕಟಣೆ ಓದುವ ಕೆಲಸ ನನ್ನದು. ಕೃತಜ್ಞತಾ ಕಾಣಿಕೆ ಕೊಟ್ಟವರ ಪಟ್ಟಿಯನ್ನೂ ಓದಬೇಕು. ಮೊಮ್ಮಗಳು ಹುಟ್ಟಿದ್ದಕ್ಕೆ ಇಷ್ಟು, ಆಪರೇಶನ್ ಸುಖವಾಗಿ ಆದದ್ದಕ್ಕೆ ಇಷ್ಟು, ಹೊಸ ಮನೆಗೆ ಇಷ್ಟು.... ಕೊನೆಗೆ ಅವನ ಹೆಸರು. ಪರೀಕ್ಷೆಯಲ್ಲಿ ಉತ್ತೀರ್ಣನಾಗಲು ಸಹಾಯ ಮಾಡಿದ ದೇವರಿಗೂ ಹಿರಿಯರಿಗೂ ಕೃತಜ್ಞತೆ, 500 ರೂಪಾಯಿ. ಆ "ಹಿರಿಯರಿಗೂ" ಅನ್ನೋ ಪದದ ಹತ್ತಿರ ನನ್ನ ನಾಲಿಗೆ ತಡವರಿಸಿತು. ಸಭೆ ಅದನ್ನು ಕನ್ನಡಕದ ತೊಂದರೆ ಅಂದುಕೊಂಡಿರಬೇಕು.

ಇಲ್ಲಿಗೆ ಕಥೆಯ ಅರ್ಧ ಆಯಿತು. ಉಳಿದರ್ಧ ಕೊನೆಗೆ ಹೇಳುತ್ತೇನೆ.

ಅವತ್ತಿನಿಂದ ನಾನು ಒಂದೇ ಪ್ರಶ್ನೆ ಕೇಳಿಕೊಂಡೆ. ನಾನು ಯಾಕೆ ಹಾಗೆ ಮಾಡಿದೆ? ಈ ಪರೀಕ್ಷೆಯಲ್ಲಿ ಹಾಜರಾದವರ ಪೈಕಿ ಇಂತಿಷ್ಟು ಶೇಕಡಾ ಜನರನ್ನೇ ಅರ್ಹರು ಅಂತ ಮಾಡುತ್ತಾರೆ. ಹಾಗಾಗಿ ನಾನೂ ಬರೆಯುತ್ತಿದ್ದರೆ "ಅವನು ನನ್ನ ಪ್ರತಿಸ್ಪರ್ಧಿ" ಅಂತಾದರೂ ಹೇಳಿಕೊಳ್ಳಬಹುದಿತ್ತು. ಆದರೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ! ಅವನು ಪಾಸಾದರೆ ನನಗೆ ಕಳೆಯುವುದು ಏನೂ ಇರಲಿಲ್ಲ. ಫೈಲು ನನಗೆ ಬೇಕಾಗಿಯೂ ಇರಲಿಲ್ಲ. ಆದರೂ ಕೊಡಲಿಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಹೊಟ್ಟೆಕಿಚ್ಚು. ಮತ್ಸರ, ಅಸೂಯೆ ಅನ್ನೋ ಸಂಸ್ಕೃತದ ಮಾತುಗಳಿಗಿಂತ ಇದು ಹೆಚ್ಚು ನಿಜ. ಕಿಚ್ಚು ಇರುವುದು ಯಾರ ಹೊಟ್ಟೆಯಲ್ಲಿ? ನನ್ನದೇ ಹೊಟ್ಟೆಯಲ್ಲಿ. ಸುಡುವುದೂ ಅದನ್ನೇ. ನಮ್ಮ ನಾಡಿನ ಅರಿಷಡ್ವರ್ಗದ ಪಟ್ಟಿಯಲ್ಲಿ ಮತ್ಸರ ಆರನೆಯದು. 6ನೇ ಶತಮಾನದಲ್ಲಿ ರೋಮಿನ ಪೋಪ್ ಗ್ರೆಗರಿ ಮಾಡಿದ ಏಳು ಮೂಲಪಾಪಗಳ ಪಟ್ಟಿಯಲ್ಲೂ ಅದು ಇದೆ. ಎರಡೂ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಕಾಮಕ್ಕೆ, ಲೋಭಕ್ಕೆ, ಹೊಟ್ಟೆಬಾಕತನಕ್ಕೆ, ಕೊನೆಗೆ ಕ್ರೋಧಕ್ಕೂ ಒಂದು ಗಳಿಗೆಯ ರುಚಿ ಅಂತಾದರೂ ಇದೆ. ಹೊಟ್ಟೆಕಿಚ್ಚಿಗೆ ಅದೂ ಇಲ್ಲ. ಶುರುವಿನಿಂದ ಕೊನೆಯ ತನಕ ಬರೀ ಉರಿ.

ಇನ್ನೊಂದು ಮಾತು. ಹೊಟ್ಟೆಕಿಚ್ಚು ದೂರದವರ ಮೇಲೆ ಹುಟ್ಟುವುದಿಲ್ಲ. ಅಂಬಾನಿಯ ಮನೆಯ ಮದುವೆ ನೋಡಿ ನನಗೆ ಏನೂ ಆಗುವುದಿಲ್ಲ. ಪಕ್ಕದ ಬೆಂಚಿನವನು ಹೊಸ ಬೈಕು ತಂದರೆ ಆಗುತ್ತದೆ. ನನ್ನದೇ ವಿಷಯ, ನನ್ನದೇ ಊರು, ನನ್ನದೇ ಸಭೆ, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಕೈಯಲ್ಲೇ ಕಲಿತವನು.... ಕಿಚ್ಚಿಗೆ ಇದಕ್ಕಿಂತ ಒಣ ಕಟ್ಟಿಗೆ ಬೇಕೇ?

ಬೈಬಲಿನ ಸೌಲ ಅರಸನ ಕಥೆ ನೋಡಿ. ದಾವೀದ ಅವನಿಗೆ ಹೊರಗಿನವನಲ್ಲ. ಅವನ ಮುಂದೆ ಕಿನ್ನರಿ ನುಡಿಸಿ ಮನಸ್ಸಿನ ಕಳವಳ ಇಳಿಸುತ್ತಿದ್ದ ಹುಡುಗ. ಸೌಲ ಅವನನ್ನು ಬಹಳ ಪ್ರೀತಿಸಿದ ಅಂತಲೇ ಅಲ್ಲಿ ಬರೆದಿದೆ. ಆ ಹುಡುಗ ಗೊಲ್ಯಾತನನ್ನು ಕೊಂದಾಗ ಉಳಿದದ್ದು ಯಾರ ರಾಜ್ಯ? ಸೌಲನದೇ! ಆದರೆ ಯುದ್ಧದಿಂದ ಮರಳುವಾಗ ಹೆಂಗಸರು ಹಾಡಿ ಕುಣಿಯುತ್ತ ಸೌಲನ ಲೆಕ್ಕ ಸಾವಿರದಲ್ಲಿ ಹೇಳಿದರು, ದಾವೀದನ ಲೆಕ್ಕ ಹತ್ತು ಸಾವಿರದಲ್ಲಿ. ಅವತ್ತಿನಿಂದ ಸೌಲನ ಕಣ್ಣು ದಾವೀದನ ಮೇಲೆ ಬಿತ್ತು. ಮಾರನೇ ದಿನವೇ ಕೈಯಲ್ಲಿದ್ದ ಈಟಿ ಹಾರಿತು. ಸೌಲನಿಗೆ ಸಾವಿರ ಸಿಕ್ಕಿತ್ತು ಅನ್ನೋದನ್ನು ಮರೆಯಬೇಡಿ. ಸಾವಿರ ಕಡಿಮೆಯೇ? ಆದರೆ ಪಕ್ಕದಲ್ಲಿ ಹತ್ತು ಸಾವಿರ ಕೇಳಿಸಿದ ಕೂಡಲೇ ಸಾವಿರ ಸೊನ್ನೆಯಾಯಿತು.

ನಾನು ಈಟಿ ಎಸೆಯಲಿಲ್ಲ. ನಾವು ಒಳ್ಳೆಯ ಜನ, ಈಟಿ ಎಸೆಯುವುದಿಲ್ಲ. "ಸಿಗವಲ್ವು" ಅನ್ನುತ್ತೇವೆ. ಅರ್ಜಿ ಹಾಕುವ ಕೊನೆಯ ದಿನ ಗೊತ್ತಿದ್ದೂ ಹೇಳುವುದಿಲ್ಲ. ಯಾರಾದರೂ ಅವನ ಬಗ್ಗೆ ಕೇಳಿದರೆ "ಹುಡುಗ ಒಳ್ಳೇವನೇ, ಆದರೆ...." ಅಂತ ಆ ಆದರೆಯ ಹತ್ತಿರ ನಿಲ್ಲಿಸುತ್ತೇವೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನೋ ಗಾದೆಯ ಪೂಜಾರಿ ಎಲ್ಲ ಧರ್ಮದಲ್ಲೂ ಇದ್ದಾನೆ.

ನಮ್ಮ ಕ್ರೈಸ್ತರಲ್ಲಂತೂ ಹೊಟ್ಟೆಕಿಚ್ಚಿಗೆ ಇನ್ನೊಂದು ವೇಷವಿದೆ. ಪ್ರಾರ್ಥನೆಯ ವೇಷ. "ಅವನಿಗೆ ಅಹಂಕಾರ ಬರದ ಹಾಗೆ ನಾವೆಲ್ಲ ಪ್ರಾರ್ಥಿಸೋಣ", "ದುಡ್ಡು ಬಂತು, ಇನ್ನು ದೇವರನ್ನು ಮರೆಯದಿದ್ದರೆ ಸಾಕು".... ಎಷ್ಟು ಕೂಟಗಳಲ್ಲಿ ಕೇಳಿದ್ದೇನೆ, ಎಷ್ಟು ಸಲ ನಾನೇ ಹೇಳಿದ್ದೇನೆ! ಕೆಲಸ ಸಿಗದೆ ಅಲೆಯುತ್ತಿದ್ದಾಗ ಅವನ ಆತ್ಮದ ಚಿಂತೆ ನಮಗೆ ಇರಲಿಲ್ಲ. ಸಿಕ್ಕಿದ ಮಾರನೇ ದಿನವೇ ಶುರುವಾಯಿತು.

ಸಂತೋಷಪಡುವವರೊಂದಿಗೆ ಸಂತೋಷಪಡಿ, ಅಳುವವರೊಂದಿಗೆ ಅಳಿ ಅನ್ನೋ ಅರ್ಥದ ಬುದ್ಧಿಮಾತು ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಚಿಕ್ಕಂದಿನಿಂದ ಕೇಳಿದ್ದೇನೆ. ಕಷ್ಟದ್ದು ಎರಡನೆಯದು ಅಂತಲೇ ತಿಳಿದಿದ್ದೆ. 4ನೇ ಶತಮಾನದಲ್ಲಿ ಅಂತಿಯೋಕ್ಯದಲ್ಲಿ ಬೋಧಕನಾಗಿದ್ದು ಮುಂದೆ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆದ ಜಾನ್ ಕ್ರಿಸೊಸ್ತೋಮ್ ಇದನ್ನು ತಿರುಗಿಸಿ ಹೇಳಿದ್ದಾನೆ. ಅಳುವವರನ್ನು ಕಂಡರೆ ಕಲ್ಲಿನಂಥವನಿಗೂ ತಾನಾಗಿ ಕಣ್ಣೀರು ಬರುತ್ತದೆ, ಆದರೆ ಏಳಿಗೆ ಕಂಡವನ ಜೊತೆ ಹೊಟ್ಟೆಕಿಚ್ಚಿಲ್ಲದೆ ನಗೋಕೆ ದೊಡ್ಡ ಮನಸ್ಸು ಬೇಕು ಅನ್ನೋದು ಅವನ ಮಾತಿನ ಸಾರ.

ನಮ್ಮೂರಲ್ಲಿ ಲೆಕ್ಕ ಹಾಕಿ ನೋಡಿದೆ, ಸರಿ ಅನ್ನಿಸ್ತು. ಯಾರಾದರೂ ತೀರಿಹೋದರೆ ಇಡೀ ಸಭೆ ಹೋಗುತ್ತದೆ. ಅಡುಗೆ ಮಾಡಿ ಕಳಿಸುತ್ತೇವೆ, ಮೂರು ದಿನ ಜೊತೆಗೆ ಕೂರುತ್ತೇವೆ. ನಿಜವಾಗಿಯೂ ಅಳುತ್ತೇವೆ, ಅದು ನಾಟಕವಲ್ಲ. ಆದರೆ ಸಾವಿನ ಮನೆಯಲ್ಲಿ ನಾವು ಗಟ್ಟಿಯಾಗಿರುತ್ತೇವೆ, ಅವರು ಕುಗ್ಗಿರುತ್ತಾರೆ. ಕೊಡುವ ಕೈ ನಮ್ಮದು. ಗೆದ್ದವನ ಮನೆಯಲ್ಲಿ ಇದು ತಿರುವುಮುರುವು. ಅವನು ಎತ್ತರದಲ್ಲಿ, ನಾವು ಪೇಡಾ ಇಸಿದುಕೊಳ್ಳುವ ಜಾಗದಲ್ಲಿ. ಆ ಜಾಗದಲ್ಲಿ ನಿಂತು ನಗುವುದು ಕಷ್ಟ.

ಹಾಗಾದರೆ ಏನು ಮಾಡಬೇಕು? "ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಇಟ್ಟುಕೊಳ್ಳಬೇಡಿ" ಅಂತ ಉಪದೇಶ ಮಾಡುವುದು ಸುಲಭ. ಮನಸ್ಸು ಹೇಳಿದ ಮಾತು ಕೇಳುವ ಹಾಗಿದ್ದರೆ ಉಪದೇಶವೇ ಬೇಕಿರಲಿಲ್ಲ. ನನಗೆ ದಾರಿ ಕಂಡಿದ್ದು ಅದೇ ಸೌಲನ ಮನೆಯಲ್ಲಿ, ಅವನ ಮಗ ಯೋನಾತಾನನಲ್ಲಿ.

ನನಗಂತೂ ಕಳೆದುಕೊಳ್ಳೋಕೆ ಏನೂ ಇರಲಿಲ್ಲ. ಯೋನಾತಾನನಿಗೆ ಇಡೀ ರಾಜ್ಯವೇ ಇತ್ತು. ಅಪ್ಪನ ನಂತರ ಸಿಂಹಾಸನ ಅವನದು. ದಾವೀದ ಬದುಕಿರುವ ತನಕ ನಿನಗೆ ರಾಜ್ಯ ದಕ್ಕದು ಅಂತ ಅಪ್ಪನೇ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಹೊಟ್ಟೆಕಿಚ್ಚುಪಡಲು ಈ ಲೋಕದಲ್ಲಿ ಯಾರಿಗಾದರೂ ನ್ಯಾಯವಾದ ಕಾರಣ ಇದ್ದಿದ್ದರೆ ಅದು ಅವನಿಗೆ. ಆದರೆ ಅವನು ದಾವೀದನನ್ನು ತನ್ನ ಪ್ರಾಣದಂತೆ ಪ್ರೀತಿಸಿದ. ಬೈಬಲು ಪ್ರೀತಿಸಿದ ಅಂತ ಹೇಳಿ ಅಲ್ಲಿಗೆ ನಿಲ್ಲಿಸುವುದಿಲ್ಲ, ಪಟ್ಟಿ ಕೊಡುತ್ತದೆ. ಮೈಮೇಲಿನ ನಿಲುವಂಗಿ ಬಿಚ್ಚಿ ಕೊಟ್ಟ, ಯುದ್ಧದ ಉಡುಪು ಕೊಟ್ಟ, ಕತ್ತಿ ಕೊಟ್ಟ, ಬಿಲ್ಲು ಕೊಟ್ಟ, ನಡುಕಟ್ಟು ಕೊಟ್ಟ. ರಾಜಕುಮಾರನ ಗುರುತುಗಳೆಲ್ಲ ಕುರಿ ಕಾಯುತ್ತಿದ್ದ ಹುಡುಗನ ಮೈಮೇಲೆ! ಆಮೇಲೆ ದಾವೀದ ಜೀವಕ್ಕೆ ಹೆದರಿ ಅಡವಿಯಲ್ಲಿ ಅಡಗಿದ್ದಾಗ ಅಲ್ಲಿಗೇ ಹುಡುಕಿಕೊಂಡು ಹೋಗಿ ಧೈರ್ಯ ತುಂಬಿದ. ನೀನು ಅರಸನಾಗುತ್ತೀ, ನಾನು ನಿನ್ನ ಎರಡನೆಯವನಾಗಿ ಇರುತ್ತೇನೆ ಅಂದ. ಆ ಎರಡನೆಯ ಸ್ಥಾನವೂ ಅವನಿಗೆ ಸಿಗಲಿಲ್ಲ. ಗಿಲ್ಬೋವ ಬೆಟ್ಟದಲ್ಲಿ ಅಪ್ಪನ ಜೊತೆಗೇ ಸತ್ತ.

ನನ್ನ ಬುದ್ಧಿಗೆ ಹೊಳೆದದ್ದು ಇಷ್ಟು. ಇನ್ನೊಬ್ಬರ ಏಳಿಗೆಯಲ್ಲಿ ಸಂತೋಷಪಡುವುದು ಬರೀ ಮನಸ್ಸಿನೊಳಗೆ ಆಗುವ ಕೆಲಸವಲ್ಲ, ಅದು ಕೈಯ ಕೆಲಸ. ನನ್ನ ಬಳಿ ಇರುವುದರಲ್ಲಿ ಅವನಿಗೆ ಉಪಯೋಗವಾಗುವ ಏನನ್ನಾದರೂ ಬಿಚ್ಚಿ ಕೊಟ್ಟಾಗಲೇ ಕಿಚ್ಚು ಆರಲು ಶುರು. ಕೊಡದೆ ಇಟ್ಟುಕೊಂಡ ಫೈಲೇ ಕಿಚ್ಚಿಗೆ ಹಾಕಿದ ಎಣ್ಣೆ.

ಬಾರ್ನಬನೂ ಹೀಗೆಯೇ. ನಿಜವಾದ ಹೆಸರು ಯೋಸೇಫ. ಅವನ ಸ್ವಭಾವ ನೋಡಿ, ಧೈರ್ಯ ತುಂಬುವವನು ಅನ್ನೋ ಅರ್ಥದ ಈ ಹೆಸರನ್ನು ಅಪೊಸ್ತಲರು ಇಟ್ಟರು. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲ (ಮುಂದೆ ಪೌಲ ಆದವನು, ಅರಸ ಸೌಲನಲ್ಲ) ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಎಲ್ಲರೂ ಹೆದರಿ ದೂರ ಸರಿದರು. ಕೈಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಬಾರ್ನಬ. ಆಮೇಲೆ ಅಂತಿಯೋಕ್ಯದ ಸಭೆ ಬೆಳೆಯತೊಡಗಿದಾಗ ಅದನ್ನು ನೋಡಿಕೊಳ್ಳಲು ಕಳಿಸಿದ್ದು ಬಾರ್ನಬನನ್ನೇ. ಒಬ್ಬನೇ ಇದ್ದು ಹೆಸರು ಮಾಡಬಹುದಿತ್ತು. ಅವನು ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದ. ತನಗಿಂತ ಚೆನ್ನಾಗಿ ಮಾತಾಡುವವನನ್ನು ತಾನೇ ಹೋಗಿ ಕರೆದುಕೊಂಡು ಬಂದ!

ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯ ಶುರುವಾಗುವಾಗ ಹೆಸರುಗಳ ಕ್ರಮ ಬಾರ್ನಬ, ಸೌಲ ಅಂತ ಇದೆ. ಅಧ್ಯಾಯ ಮುಗಿಯುವ ಹೊತ್ತಿಗೆ ಪೌಲ, ಬಾರ್ನಬ ಅಂತ ಆಗಿದೆ. ಒಂದೇ ಅಧ್ಯಾಯದಲ್ಲಿ ಹಿರಿಯ ಎರಡನೆಯವನಾದ. ಅದಕ್ಕಾಗಿ ಬಾರ್ನಬ ಗೊಣಗಿದ ಅಂತ ಎಲ್ಲೂ ಇಲ್ಲ. ಹಾಗಂತ ಅವನು ಮಾತಿಲ್ಲದ ಸಾಧು ಅಲ್ಲ, ಮುಂದೆ ಪೌಲನ ಜೊತೆ ಜೋರಾಗಿಯೇ ಜಗಳವಾಡಿ ಬೇರೆಯಾದ. ಯಾಕೆ ಗೊತ್ತೇ? ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕ ಅನ್ನೋ ಹುಡುಗನಿಗೆ ಇನ್ನೊಂದು ಅವಕಾಶ ಕೊಡಬೇಕು ಅಂತ. ಜಗಳವಾಡಿದ್ದೂ ಇನ್ನೊಬ್ಬನ ಏಳಿಗೆಗೇ!

ಇದು ಬೈಬಲ್ ಕಾಲದವರಿಗೆ ಮಾತ್ರ ಆಗುವ ಕೆಲಸ ಅಂತ ಅನ್ನಿಸಿದರೆ ನಮ್ಮ ಕನ್ನಡದ ನಿಘಂಟುಗಳ ಕಡೆ ಒಮ್ಮೆ ನೋಡಿ. ಬರೆಯುವ ನಮಗೆಲ್ಲ ಕಿಟೆಲ್ ಗೊತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಪದಗಳು. ಆದರೆ ರೀವ್ ಎಷ್ಟು ಜನಕ್ಕೆ ಗೊತ್ತು? ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ 1832ರಲ್ಲೇ ಕನ್ನಡ-ಇಂಗ್ಲಿಷ್ ನಿಘಂಟು ತಂದಿದ್ದರು. 1858ರಲ್ಲಿ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿದರು. ಆಮೇಲೆ ಬಾಸೆಲ್ ಮಿಷನ್ನಿನ ಕಿಟೆಲ್. ಕಿಟೆಲ್ ಕೋಶವನ್ನು ಮತ್ತೆ ಪರಿಷ್ಕರಿಸಿ ವಿಸ್ತರಿಸಿದವರು ಮದರಾಸು ವಿಶ್ವವಿದ್ಯಾಲಯದ ಮರಿಯಪ್ಪ ಭಟ್ಟರು, 1968ರಿಂದ 1971ರ ನಡುವೆ ನಾಲ್ಕು ಸಂಪುಟ.

ಮೂರು ಬೇರೆ ಬೇರೆ ಮಿಷನ್ನಿನವರು, ಕೊನೆಗೆ ಒಬ್ಬರು ಕನ್ನಡದ ಪ್ರಾಧ್ಯಾಪಕರು. ಅವರವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಲಾರೆ. ಕೆಲಸ ಮಾತ್ರ ಕಣ್ಣಮುಂದೆ ಇದೆ. ನಿಘಂಟು ಅನ್ನೋ ಕೆಲಸದ ಸ್ವಭಾವವೇ ಅದು. ಹಿಂದಿನವನು ಗುಡ್ಡೆ ಹಾಕಿದ ಪದಗಳ ಮೇಲೆ ಮುಂದಿನವನು ನಿಂತು ಇನ್ನೂ ಎತ್ತರಕ್ಕೆ ಕೈಚಾಚುತ್ತಾನೆ, ಮೇಲಿನವನ ಹೆಸರು ಉಳಿಯುತ್ತದೆ. ರೀವ್ ಹೆಸರು ಮಸುಕಾಯಿತು, ಆದರೆ ಕನ್ನಡಕ್ಕೆ ನಷ್ಟವಾಯಿತೇ? ರೀವ್ ತಮ್ಮ ಪದಗಳನ್ನು ಟ್ರಂಕಿನಲ್ಲಿಟ್ಟು ಸತ್ತಿದ್ದರೆ ಆಗುತ್ತಿತ್ತು.

ನಂಬಿಕೆಯ ಮಾತಿನಲ್ಲಿ ಹೇಳುವುದಾದರೆ ಇಡೀ ವಿಷಯ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಅವನಿಗಿರುವ ವರ ಯಾರದು? ಸ್ನಾನಿಕ ಯೋಹಾನನ ಶಿಷ್ಯರು ಬಂದು ಎಲ್ಲರೂ ಯೇಸುವಿನ ಕಡೆ ಹೋಗುತ್ತಿದ್ದಾರೆ ಅಂತ ದೂರಿದಾಗ, ಮೇಲಿನಿಂದ ಕೊಟ್ಟದ್ದನ್ನು ಬಿಟ್ಟು ಯಾರೂ ಏನನ್ನೂ ಪಡೆಯಲಾರರು ಅನ್ನೋ ಅರ್ಥದ ಮಾತನ್ನು ಯೋಹಾನ ಹೇಳಿದ. ತಾನು ಮದುಮಗನಲ್ಲ, ಮದುಮಗನ ಗೆಳೆಯ ಅಂದ. ಮದುವೆ ಮನೆಯಲ್ಲಿ ಓಡಾಡುವ ಗೆಳೆಯನನ್ನು ನೋಡಿದ್ದೀರಲ್ಲ? ಬಡಿಸುತ್ತಾನೆ, ಬೆವರುತ್ತಾನೆ, ಫೋಟೋದಲ್ಲಿ ಅಂಚಿನಲ್ಲಿರುತ್ತಾನೆ, ಆದರೂ ಮುಖದ ತುಂಬ ನಗು. ತನ್ನ ಮದುವೆ ಅಲ್ಲ ಅಂತ ಅಳುತ್ತಾ ಕೂರುವುದಿಲ್ಲ. ಸಭೆ ಒಂದು ದೇಹ ಅಂತ ಪೌಲ ಹೇಳಿದ್ದೂ ಇದೇ ಅರ್ಥದಲ್ಲಿ. ಕಣ್ಣಿಗೆ ಕಾಡಿಗೆ ಹಚ್ಚಿದರೆ ಕಾಲು ಮುನಿಸಿಕೊಳ್ಳುತ್ತದೆಯೇ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಇಲ್ಲದಿದ್ದರೆ "ಹಾಗಾದರೆ ಲಂಚ ಕೊಟ್ಟು ಕೆಲಸ ಹಿಡಿದವನಿಗೂ ಹಾರ ಹಾಕಬೇಕೇ?" ಅಂತ ಕೇಳುತ್ತೀರಿ :) ಬೇಡ. ಅನ್ಯಾಯದ ಮೇಲಿನ ಸಿಟ್ಟು ಬೇರೆ, ಹೊಟ್ಟೆಕಿಚ್ಚು ಬೇರೆ. ಬಡವನ ಸೀಟನ್ನು ದುಡ್ಡಿದ್ದವನು ಕಿತ್ತುಕೊಂಡರೆ ಸಿಟ್ಟು ಬರಲೇಬೇಕು, ಪ್ರವಾದಿಗಳಿಗೂ ಬಂತು. ನಾನು ಕಂಡುಕೊಂಡ ಪರೀಕ್ಷೆ ಹೀಗಿದೆ. ತಪ್ಪು ಸರಿಯಾದ ದಿನ ನನ್ನ ಸಿಟ್ಟು ಇಳಿಯುತ್ತದೆಯೇ? ಇಳಿದರೆ ಅದು ನ್ಯಾಯದ ಸಿಟ್ಟು. ಎಲ್ಲವೂ ಸರಿಯಾಗಿದ್ದು, ಅವನು ಕಷ್ಟಪಟ್ಟೇ ಗಳಿಸಿದ್ದು ಅಂತ ಗೊತ್ತಾದ ಮೇಲೂ, ಅವನ ಕೈಯಲ್ಲಿರುವುದು ಬಿದ್ದು ಒಡೆಯುವ ತನಕ ನನಗೆ ನೆಮ್ಮದಿ ಇಲ್ಲ ಅಂದರೆ ಅದು ಹೊಟ್ಟೆಕಿಚ್ಚು. ತನಗೆ ನ್ಯಾಯದ ಹೆಸರು ಇಟ್ಟುಕೊಳ್ಳುವುದು ಅದಕ್ಕೆ ಬಹಳ ಇಷ್ಟ, ಅಷ್ಟೇ.

ಸೋತವನು ದುಃಖಪಡಬಾರದು ಅಂತಲೂ ನಾನು ಹೇಳುತ್ತಿಲ್ಲ. ನಾಲ್ಕು ಸಲ ಫೇಲಾದ ನೋವು ನನ್ನದು ನಿಜವಾದ ನೋವೇ. ಅದನ್ನು ದೇವರ ಮುಂದೆ ಸರಿಯಾಗಿ ಅತ್ತು ಮುಗಿಸಿದ್ದರೆ ಚೆನ್ನಾಗಿತ್ತು. ಅಳದೆ ಟ್ರಂಕಿನಲ್ಲಿ ಮುಚ್ಚಿಟ್ಟೆ. ಮುಚ್ಚಿಟ್ಟ ದುಃಖವೇ ಒಳಗೆ ಹುಳಿತು ಹೊಟ್ಟೆಕಿಚ್ಚಾಯಿತು ಅಂತ ಈಗ ಅನ್ನಿಸುತ್ತದೆ.

ಇನ್ನು ಕಥೆಯ ಉಳಿದರ್ಧ.

ಪ್ರಕಟಣೆ ಓದಿದ ಆ ಭಾನುವಾರದ ನಂತರ ಒಂದೆರಡು ವಾರ ತಡೆದೆ. ಆಮೇಲೆ ಒಂದು ಸಂಜೆ ಮೂರೂ ಫೈಲು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಸ್ಕೂಟರಿನ ಮುಂದಿಟ್ಟುಕೊಂಡು ಅವನ ಮನೆಗೆ ಹೋದೆ. ಅವನಿಗೆ ಇನ್ನು ಆ ನೋಟ್ಸಿನಿಂದ ಏನೂ ಉಪಯೋಗವಿಲ್ಲ ಅಂತ ಗೊತ್ತಿತ್ತು. ಆದರೂ ಹೋದೆ. ಹೇಳಿದೆ. ಕಳೆದಿರಲಿಲ್ಲ, ನಾನು ಸುಳ್ಳು ಹೇಳಿದ್ದೆ, ನಿನಗೆ ಕೊಡಲು ನನಗೆ ಮನಸ್ಸಿರಲಿಲ್ಲ ಅಂತ.

ಸಿನಿಮಾದಲ್ಲಾದರೆ ಅವನು ಓಡಿ ಬಂದು ತಬ್ಬಿಕೊಳ್ಳಬೇಕಿತ್ತು. ಹಾಗೇನೂ ಆಗಲಿಲ್ಲ. ಫೈಲುಗಳನ್ನೇ ನೋಡುತ್ತಾ ತುಂಬಾ ಹೊತ್ತು ಸುಮ್ಮನೆ ಕೂತ. ಅವನ ಅವ್ವ ಚಹಾ ತಂದಿಟ್ಟು ಹೋದರು. ಕೊನೆಗೆ ಒಂದೇ ಮಾತು ಅಂದ, ತಲೆ ಎತ್ತದೆ.

"ಒಂದು ಸಲ ಸುಮ್ನ ಹೋತಲ್ರಿ ಅಣ್ಣಾ.... ಆ ವರ್ಷ ಅಪ್ಪಾಗೂ ಆರಾಮ ಇರ್ಲಿಲ್ಲ."

ನನಗೆ ಅದು ಗೊತ್ತಿತ್ತು. ಅವನ ಅಪ್ಪನ ಕಾಯಿಲೆಗಾಗಿ ಸಭೆಯ ಪ್ರಾರ್ಥನೆಯಲ್ಲಿ ಹೆಸರು ಹೇಳಿ ಬೇಡಿಕೊಂಡವನು ನಾನೇ. ಅಳುವವರ ಜೊತೆ ಅತ್ತಿದ್ದೆ, ಅದೂ ನಿಜವಾಗಿ. ಅದೇ ಬಾಯಿಯಲ್ಲಿ "ಸಿಗವಲ್ವು" ಅಂದಿದ್ದೆ. ನನ್ನ ನೋಟ್ಸ್ ಇದ್ದಿದ್ದರೆ ಮೊದಲ ಸಲವೇ ಪಾಸಾಗುತ್ತಿದ್ದನೋ ಇಲ್ಲವೋ ಯಾರು ಬಲ್ಲರು? ಅದೇ ನೋಟ್ಸು ಓದಿ ನಾನೇ ನಾಲ್ಕು ಸಲ ಫೇಲಾದವನು! ಆದರೆ ಆ "ಯಾರು ಬಲ್ಲರು" ಅನ್ನೋ ಮಾತಿನ ಹಿಂದೆ ನಾನು ಅಡಗಿಕೊಳ್ಳುವ ಹಾಗಿಲ್ಲ. ಆ ವರ್ಷವನ್ನು ಅವನಿಗೆ ವಾಪಸ್ ಕೊಡಲು ನನ್ನಿಂದ ಆಗುವುದಿಲ್ಲ. ಹೊಟ್ಟೆಕಿಚ್ಚು ಸುಡುವುದು ನನ್ನನ್ನೇ ಅಂತ ಮೇಲೆ ಬರೆದೆನಲ್ಲ, ಅದು ಅರ್ಧ ಸತ್ಯ. ಪಕ್ಕದವನ ಮನೆಗೂ ಹತ್ತುತ್ತದೆ.

ಹೊರಡುವಾಗ ಬಾಗಿಲ ತನಕ ಬಂದ. "ಫೈಲು ಇಲ್ಲೇ ಇರ್ಲಿ ಬಿಡ್ರಿ. ನಮ್ಮ ಹುಡುಗ್ರು ಇಬ್ಬರು ಓದಾಕ ಹತ್ಯಾರ, ಕೊಡ್ತೇನಿ." ಕ್ಷಮಿಸಿದ ಅಂತ ಬಾಯಿಬಿಟ್ಟು ಹೇಳಲಿಲ್ಲ. ಕೆಲವು ತಿಂಗಳು ನಮ್ಮಿಬ್ಬರ ಮಾತಿನಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಈಗ ಪರವಾಗಿಲ್ಲ. ನಿಧಾನಕ್ಕೆ ಬರುತ್ತಿದೆ.

ಅವತ್ತಿನಿಂದ ಕೆಲವು ರೂಢಿ ಮಾಡಿಕೊಂಡಿದ್ದೇನೆ. ಸಾವಿನ ಮನೆಗೆ ಹೋಗುವ ಹಾಗೆಯೇ ಸಂತೋಷದ ಮನೆಗೂ ತಪ್ಪದೆ ಹೋಗುತ್ತೇನೆ, ಮನಸ್ಸಿಲ್ಲದಿದ್ದರೂ. ಹೊಗಳುವುದಾದರೆ ಅವನಿಲ್ಲದ ಜಾಗದಲ್ಲಿ ಹೊಗಳುತ್ತೇನೆ, "ಆದರೆ" ಸೇರಿಸದೆ. ಮುಳ್ಳು ಚುಚ್ಚಿದ ದಿನ ರಾತ್ರಿ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿ, ಇನ್ನೂ ಹೆಚ್ಚು ಕೊಡು ಅಂತ ಕೇಳುತ್ತೇನೆ. ಮೊದಮೊದಲು ಹಲ್ಲು ಕಚ್ಚಿಕೊಂಡು ಕೇಳಿದ ಪ್ರಾರ್ಥನೆ ಅದು. ದೇವರಿಗೆ ಗೊತ್ತಾಗದೇ ಇರುತ್ತದೆಯೇ, ಆದರೂ ತಗೊಂಡಿದ್ದಾನೆ ಅಂತ ನಂಬಿದ್ದೇನೆ. ಮತ್ತೆ, ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಒಮ್ಮೆ ಟ್ರಂಕಿನ ನೆನಪು ಮಾಡಿಕೊಳ್ಳುತ್ತೇನೆ.

ಗುಣವಾಗಿದ್ದೇನೆ ಅಂತ ತಿಳಿಯಬೇಡಿ. ಹೋದ ತಿಂಗಳು ಆ ಫೈಲುಗಳನ್ನು ಮತ್ತೆ ನೋಡಿದೆ. ಈಗ ಮೂರಲ್ಲ, ನಾಲ್ಕಾಗಿವೆ. ನನ್ನ ನೀಲಿ ಶಾಯಿಯ ಪಕ್ಕದಲ್ಲಿ ಅವನ ಹಸಿರು ಶಾಯಿ. ನಾನು ತಪ್ಪಾಗಿ ಬರೆದಿದ್ದ ಇಸವಿಗಳನ್ನು ತಿದ್ದಿದ್ದಾನೆ. ನಾನು ಎರಡು ಪುಟ ಎಳೆದಿದ್ದನ್ನು ಎಂಟು ಸಾಲಿನಲ್ಲಿ ಮುಗಿಸಿದ್ದಾನೆ. ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಅವನದೇ ಚೆನ್ನಾಗಿದೆ.

ಓದುತ್ತಿದ್ದಂತೆ ಎದೆಯ ಮೂಲೆಯಲ್ಲಿ ಅದೇ ಮುಳ್ಳು ಮೆಲ್ಲಗೆ ಚುಚ್ಚಿತು. ಅವನು ಎದುರಿಗೇ ಕೂತಿದ್ದ.

"ಭಾಳ ಛಲೋ ಮಾಡೀಯಪಾ, ನನ್ನಕಿಂತ ಛಲೋ" ಅಂದೆ. ಈ ಸಲ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ.

ನಿಮ್ಮ ಅಟ್ಟದ ಮೇಲೂ ಒಂದು ಟ್ರಂಕು ಇದ್ದೀತು. ಇದ್ದರೆ ಇಳಿಸಿಬಿಡಿ, ತಡಮಾಡಬೇಡಿ. ನಾನು ತಡಮಾಡಿದೆ. ಏನಂತೀರಿ?